ಹೆಬ್ಬೆರಳಿನಷ್ಟು ಜೀವ

ಮರಗಸಿಯ ಕಾಲ ಬಂತೆಂದರೆ ನಮ್ಮ ಮೂಡಿಗೆರೆ, ಕಳಸದ ಕಾಫಿ ತೋಟಗಳಿಂದ ಮರದಿಂದ ಬಿದ್ದವರ ಸುದ್ದಿಯೂ ಬರುತ್ತದೆ. ಸಿಲ್ವರ್ ಓಕ್‌ಗೆ ಹಬ್ಬಿದ ಮೆಣಸು ಕೊಯ್ಯುವಾಗಲೂ ಅಷ್ಟೇ. ತಲೆಗೆ ಪೆಟ್ಟಾದವರನ್ನು ಚಾರ್ಮಾಡಿ ಘಾಟಿ ಇಳಿಸಿ ಮಂಗಳೂರಿಗೆ ಒಯ್ಯುತ್ತೇವೆ. ಕೆಲವರ ವಿಷಯದಲ್ಲಿ ಎರಡು ದಿನ ಕಳೆದ ಮೇಲೆ ಡಾಕ್ಟರು 'ಮಿದುಳು ಸತ್ತಿದೆ' ಎನ್ನುತ್ತಾರೆ. ಮೈ ಬಿಸಿಯಿದೆ, ಎದೆ ಬಡಿಯುತ್ತಿದೆ. ಹೀಗಿರುವವನಿಗೆ ಕಫನ್ ತರುವುದು ಹೇಗೆ?

ನೆಂಟರ ಹುಡುಗನೊಬ್ಬ ಹಾಗೆ ಮಲಗಿದ್ದಾಗ ಅವನ ತಾಯಿ ಕೇಳಿದ್ದೂ ಇದನ್ನೇ: "ಉಸಿರಾಡ್ತಾ ಇದ್ದಾನಲ್ಲ ಡಾಕ್ಟ್ರೇ?" ಆ ಉಸಿರು ಯಂತ್ರದ್ದು ಎನ್ನಲು ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಒಬ್ಬ ಯುವ ವೈದ್ಯರು ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸಿದರು.

ಮಿದುಳಿನ ಅಡಿಯಲ್ಲಿ ಹೆಬ್ಬೆರಳಿನಷ್ಟು ದಪ್ಪದ, ಸುಮಾರು 3 ಇಂಚು ಉದ್ದದ ಕಾಂಡವಿದೆ. ಅದಕ್ಕೆ ಮೂರು ಹಂತ. ಮೇಲಿನದು ನಡುಮಿದುಳು, ಅದರ ಬೆನ್ನ ಮೇಲೆ ನಾಲ್ಕು ಪುಟ್ಟ ಗುಡ್ಡಗಳು. ಮಧ್ಯದ್ದು ಪಾನ್ಸ್, ಲ್ಯಾಟಿನ್‌ನಲ್ಲಿ ಸೇತುವೆ ಎಂದರ್ಥ, ಮುಂದಕ್ಕೆ ಉಬ್ಬಿರುತ್ತದೆ. ಕೆಳಗಿನದು ಮೆಡುಲಾ, ಮುಂಬದಿಯಲ್ಲಿ ಪಿರಮಿಡ್ ಎಂಬ ಎರಡು ಏಣುಗಳು, ಅವುಗಳ ಪಕ್ಕ ಆಲಿವ್ ಕಾಯಿಯಂಥ ಉಬ್ಬುಗಳು. ಬೆಂಗಳೂರಿನ ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯದಲ್ಲಿ ನಿಜವಾದ ಮಿದುಳನ್ನೇ ನೋಡಬಹುದು.

ವೈದ್ಯರ ಪರೀಕ್ಷೆಯೂ ಘಾಟಿ ಇಳಿದಂತೆ ಹಂತಹಂತವಾಗಿ ಸಾಗುತ್ತದೆ. ಕಣ್ಣಿಗೆ ಟಾರ್ಚ್ ಬಿಟ್ಟರೆ ಪಾಪೆ ಕಿರಿದಾಗಬೇಕು. ಅದು ನಡುಮಿದುಳಿನ ಉತ್ತರ. ಕಣ್ಣುಗುಡ್ಡೆಗೆ ಹತ್ತಿಯ ಎಳೆ ತಾಗಿಸಿದರೆ ರೆಪ್ಪೆ ಮುಚ್ಚಬೇಕು, ಅದು ಪಾನ್ಸ್‌ನದು. ಶ್ವಾಸನಾಳಕ್ಕೆ ಸಣ್ಣ ಕೊಳವೆ ಇಳಿಸಿದರೆ ಕೆಮ್ಮು ಬರಬೇಕು, ಅದು ಮೆಡುಲಾದ್ದು. ಕೊನೆಗೆ ಆಮ್ಲಜನಕವನ್ನಷ್ಟೇ ಕೊಟ್ಟು, ಯಂತ್ರದ ಉಸಿರು ತಪ್ಪಿಸಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವವರೆಗೆ ಕಾಯುತ್ತಾರೆ. ಆಗಲೂ ಎದೆ ಏಳದಿದ್ದರೆ ಉಸಿರಾಡಿಸುವ ಕೇಂದ್ರ ಸತ್ತಿದೆ ಎಂದರ್ಥ. ಹೃದಯಕ್ಕೆ ತನ್ನದೇ ಲಯವಿದೆ. ಆಮ್ಲಜನಕ ಸಿಗುವಷ್ಟು ಕಾಲ ಅದು ಬಡಿಯುತ್ತಿರುತ್ತದೆ.

ಅಂಗದಾನ ಮಾಡುವುದಾದರೆ 1994ರ ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರ ಮಂಡಳಿ, ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಸಹಿ ಹಾಕಬೇಕು. 2022ರ ಸೆಪ್ಟೆಂಬರಿನಲ್ಲಿ ಚಿಕ್ಕಮಗಳೂರಿನಿಂದ ಹೃದಯವೊಂದು ಹೆಲಿಕಾಪ್ಟರಿನಲ್ಲಿ ಬೆಂಗಳೂರಿಗೆ ಹೋಯಿತು.

ಇದನ್ನು ಸಾವೆನ್ನಬಹುದೇ ಎಂಬುದರಲ್ಲಿ ಆಲಿಮರಲ್ಲಿ ಒಮ್ಮತವಿಲ್ಲ. 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಫಿಕ್ಹ್ ಅಕಾಡೆಮಿ ಒಪ್ಪಿತು, ಒಪ್ಪದವರೂ ಇದ್ದಾರೆ. ಆದರೆ ಒಪ್ಪುವುದು, ಬಿಡುವುದು ತಿಳಿದ ಮೇಲಿನ ಮಾತು. ಐಸಿಯು ಬಾಗಿಲಲ್ಲಿ ನಿಂತವರಿಗೆ ಎಲ್ಲೆಲ್ಲಿ ಕರೆದು ನೋಡಿದೆವು, ಎಲ್ಲೆಲ್ಲಿ ಉತ್ತರ ಬರಲಿಲ್ಲ ಎಂದು ಅವರ ಮನೆಮಾತಿನಲ್ಲಿ ಹೇಳಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷವನ್ನು ಕೇಳಿ ಪಡೆಯುವುದು ನಮ್ಮ ಹಕ್ಕು.