ಕೇದಾರದ ಕಣಿವೆಯಲ್ಲಿ ಮಡಿದವರ ನೆನಪು

ಪ್ರತಿವರ್ಷ ಜೂನ್ ತಿಂಗಳ 25ನೆಯ ತಾರೀಖು ಬಂತೆಂದರೆ ನಮ್ಮ ಅಕ್ಕ ಬೆಳಗಿನ ಲಿಂಗಪೂಜೆಯನ್ನು ಮುಗಿಸಿದ ತರುವಾಯ ಒಂದು ಹಣತೆಯನ್ನು ಹೆಚ್ಚಿಗೆ ಹಚ್ಚುತ್ತಾಳೆ. ಹಚ್ಚಿ, ಐದು ಹೆಸರುಗಳನ್ನು ಮೆಲ್ಲಗೆ ಉಚ್ಚರಿಸುತ್ತಾಳೆ. ವಿಂಗ್ ಕಮಾಂಡರ್ ಡ್ಯಾರಿಲ್ ಕ್ಯಾಸ್ಟೆಲಿನೊ, ಫ್ಲೈಟ್ ಲೆಫ್ಟಿನೆಂಟ್ ಕೆ. ಪ್ರವೀಣ್, ಫ್ಲೈಟ್ ಲೆಫ್ಟಿನೆಂಟ್ ತಪನ್ ಕಪೂರ್, ಜೂನಿಯರ್ ವಾರಂಟ್ ಆಫೀಸರ್ ಎ. ಕೆ. ಸಿಂಗ್, ಸಾರ್ಜೆಂಟ್ ಸುಧಾಕರ್ ಯಾದವ್. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಆಕೆಗೆ ಈ ಹುದ್ದೆಗಳು ನಾಲಗೆಗೆ ಹೊರಳುವುದಿಲ್ಲ. ಅವುಗಳನ್ನೆಲ್ಲ ಬಿಟ್ಟು, ಪ್ರವೀಣಪ್ಪ, ತಪನಪ್ಪ, ಸುಧಾಕರಪ್ಪ ಎಂದು ನಮ್ಮ ಓಣಿಯ ಹುಡುಗರನ್ನು ಕರೆದಂತೆ ಕರೆಯುತ್ತಾಳೆ. ಕಡೆಗೆ, “ಮತ್ತ ಅವರ ಸಂಗಡ ಹೋದ ಹದಿನೈದು ಮಂದಿ” ಎಂದು ಕೈಮುಗಿಯುತ್ತಾಳೆ. ಆ ಹದಿನೈದು ಜನರ ಹೆಸರುಗಳನ್ನು ಬರೆದುಕೊಡುವೆನೆಂದು ನಾನು ಮಾತು ಕೊಟ್ಟು ಎಷ್ಟೋ ವರ್ಷಗಳಾದವು. ಇನ್ನೂ ಕೊಟ್ಟಿಲ್ಲ.

ಕೇದಾರಕ್ಕೂ ನಮ್ಮ ಮನೆತನಗಳಿಗೂ ಇರುವ ನಂಟನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಂಚಪೀಠಗಳಲ್ಲಿ ಒಂದಾದ ಹಿಮವತ್ಕೇದಾರ ಪೀಠವು ಊಖೀಮಠದಲ್ಲಿದೆ. ದೇವಾಲಯದ ರಾವಲರು ವೀರಶೈವ ಪರಂಪರೆಗೆ ಸೇರಿದವರು. ಕನ್ನಡ ನಾಡಿನಿಂದ ಹೋದ ಅರ್ಚಕರು ಆ ಹಿಮದ ನಡುವೆ ಪೂಜೆ ಸಲ್ಲಿಸುತ್ತ ಬಂದಿದ್ದಾರೆ. ಆದಕಾರಣ ಹಾವೇರಿ ಜಿಲ್ಲೆಯ ನಮ್ಮಂಥ ಸಾಧಾರಣ ಊರಿನಲ್ಲಿಯೂ ಕೇದಾರಯಾತ್ರೆ ಎಂದರೆ ದೂರದ ಮಾತಲ್ಲ. ಹೊಲದ ಕೆಲಸಕ್ಕೆ ಮುಂಚೆ ಹೋಗಿ, ಬಿತ್ತನೆಯ ಹೊತ್ತಿಗೆ ತಿರುಗಿ ಬರುವ ಲೆಕ್ಕಾಚಾರದಲ್ಲಿ ಹಿರಿಯರು ಹೊರಡುತ್ತಿದ್ದರು. 2013ರಲ್ಲಿ ಅಕ್ಕ, ಭಾವನವರು ಮತ್ತು ಓಣಿಯ ಒಂಬತ್ತು ಜನ, ಒಟ್ಟು ಹನ್ನೊಂದು ಮಂದಿ ಹೊರಟುದು ಹಾಗೆಯೇ. ನಮ್ಮ ಅವ್ವನ ಹರಕೆಯೊಂದು ಬಾಕಿ ಇತ್ತು. ಆಕೆಗೆ ಬೆಟ್ಟ ಹತ್ತುವ ಶಕ್ತಿ ಉಳಿದಿರಲಿಲ್ಲವಾದ್ದರಿಂದ ಮಗಳು ಅದನ್ನು ಹೊತ್ತಿದ್ದಳು.

ಜೂನ್ 15ರಂದು ಅವರಿಗೆ ದರ್ಶನವಾಯಿತು. ಮರುದಿನ ಮಳೆಯಲ್ಲಿಯೇ ಇಳಿಯಲಾರಂಭಿಸಿ ರಾಮಬಾಡಾವನ್ನು ದಾಟಿ, ಜಂಗಲ್ ಚಟ್ಟಿ ಎಂಬಲ್ಲಿಗೆ ಬಂದಾಗ ಮುಂದೆ ದಾರಿಯೇ ಕಾಣದಂತಾಯಿತು. ಆ ಸಂಜೆ ಮತ್ತು 17ರ ಬೆಳಗಿನಲ್ಲಿ ನಡೆದುದು ಈಗ ಎಲ್ಲರಿಗೂ ತಿಳಿದ ಸಂಗತಿ. ದೇವಾಲಯದ ಮೇಲ್ಭಾಗದ ಚೋರಾಬಾರಿ ಸರೋವರದ ದಂಡೆ ಒಡೆಯಿತು. ನೀರು, ಬಂಡೆ, ಕೆಸರು ಒಂದಾಗಿ ಮಂದಾಕಿನಿಯ ಪಾತ್ರದಲ್ಲಿ ನುಗ್ಗಿದವು. ಗುಡಿಯ ಹಿಂದೆ ಬಂದು ನಿಂತ ಒಂದು ಹೆಬ್ಬಂಡೆಯು ಪ್ರವಾಹವನ್ನು ಇಬ್ಭಾಗ ಮಾಡಿದ್ದರಿಂದ ಗುಡಿ ಉಳಿಯಿತು. ಅಂಗಡಿ, ಧರ್ಮಶಾಲೆ, ಮನುಷ್ಯರು ಉಳಿಯಲಿಲ್ಲ. ಅಕ್ಕ ಹಿಂದಿನ ದಿನ ಚಹಾ ಕುಡಿದಿದ್ದ ರಾಮಬಾಡಾ ಎಂಬ ಊರು ಭೂಮಿಯ ಮೇಲಿನಿಂದಲೇ ಅಳಿಸಿಹೋಯಿತು. ಆ ವರ್ಷ ಉತ್ತರಾಖಂಡದಲ್ಲಿ ಸತ್ತವರು, ಕಾಣೆಯಾದವರು ಸೇರಿ ಐದು ಸಾವಿರಕ್ಕೂ ಹೆಚ್ಚು.

ನಮ್ಮವರು ಗುಡ್ಡದ ಮೇಲಿನ ಕಾಡಿಗೆ ಏರಿ ಐದು ರಾತ್ರಿಗಳನ್ನು ಕಳೆದರು. ಇಲ್ಲಿ ನಾವು ದೂರವಾಣಿಯ ಮುಂದೆ ಕುಳಿತೆವು. ಆ ಐದು ದಿನಗಳ ಕುರಿತು ನಾನು ಬರೆಯಲಾರೆ. ಅವ್ವ ನೀರನ್ನಲ್ಲದೆ ಏನನ್ನೂ ಮುಟ್ಟಲಿಲ್ಲವೆಂದಷ್ಟೇ ಹೇಳಿದರೆ ಸಾಕು.

ಜೂನ್ 21ರಂದು ಸೈನಿಕರು ಮರ-ಕಲ್ಲುಗಳನ್ನು ಸರಿಸಿ ಸಮ ಮಾಡಿದ ಸಣ್ಣ ಜಾಗದಲ್ಲಿ ಹೆಲಿಕಾಪ್ಟರು ಇಳಿಯಿತು. ಅಕ್ಕನಿಗೆ ಅದರ ಜಾತಿ ಯಾವುದೆಂದು ತಿಳಿಯದು. ರೆಕ್ಕೆ ತಿರುಗುತ್ತಿದ್ದಂತೆಯೇ ಒಬ್ಬ ತರುಣನು ಕೈಹಿಡಿದು ಆಕೆಯನ್ನು ಒಳಗೆ ಎಳೆದುಕೊಂಡನಂತೆ. ತನ್ನ ನೀರಿನ ಬಾಟಲಿಯನ್ನು ಕೊಟ್ಟು, “ಮಾತಾಜಿ, ಪೀ ಲೀಜಿಯೇ” ಎಂದನಂತೆ. ಅಕ್ಕನಿಗೆ ಹಿಂದಿ ಬಾರದು. ಆದರೆ ಆ ಮಾತನ್ನು ಮಾತ್ರ ಅವನ ಧಾಟಿಯಲ್ಲಿಯೇ ಇಂದಿಗೂ ಹೇಳಿ ತೋರಿಸುತ್ತಾಳೆ. ಗುಪ್ತಕಾಶಿಯಲ್ಲಿ ಇಳಿಸಿದಾಗ ಆತನ ಮುಖವನ್ನು ಸರಿಯಾಗಿ ನೋಡಬೇಕೆಂದು ಹಿಂದಿರುಗಿದಳಂತೆ. ಅಷ್ಟರಲ್ಲಿ ಹೆಲಿಕಾಪ್ಟರು ಮತ್ತೆ ಮೇಲೆದ್ದಿತ್ತು.

ಆ ಕಣಿವೆಯಲ್ಲಿ ಹಾರಾಟವೆಂದರೆ ಏನೆಂಬುದನ್ನು ನಾನು ನಂತರ ಓದಿ ತಿಳಿದುಕೊಂಡೆ. ಕೇದಾರದ ಎತ್ತರ 3,583 ಮೀಟರು. ಅಷ್ಟು ಮೇಲೆ ಗಾಳಿ ತೆಳುವಾಗಿರುವುದರಿಂದ ತಿರುಗುವ ರೆಕ್ಕೆಗೆ ಹಿಡಿತ ಕಡಿಮೆ. ಬಯಲಿನಲ್ಲಿ ಹೊರುವಷ್ಟು ಭಾರವನ್ನು ಅಲ್ಲಿ ಹೊರಲಾಗದು. ಕಣಿವೆಯು ಇಕ್ಕಟ್ಟು. ಮಧ್ಯಾಹ್ನದ ಹೊತ್ತಿಗೆ ಮೋಡವು ಕೆಳಗಿನಿಂದ ತುಂಬಿಕೊಂಡು ಬಂದರೆ ತಿರುಗಿಸಿಕೊಳ್ಳಲು ಸ್ಥಳವಿರುವುದಿಲ್ಲ. ಎಣ್ಣೆಯೂ ಮುಗಿಯುತ್ತಿತ್ತು, ತರುವ ರಸ್ತೆಗಳು ಕೊಚ್ಚಿಹೋಗಿದ್ದವು. ಧರಾಸು ಎಂಬ ಕಿರಿದಾದ ವಿಮಾನದಾಣದಲ್ಲಿ ಸಿ-130ಜೆ ಎಂಬ ದೊಡ್ಡ ವಿಮಾನವನ್ನು ಇಳಿಸಿ, ಅದರ ಹೊಟ್ಟೆಯ ಎಣ್ಣೆಯನ್ನೇ ಬಸಿದು ಹೆಲಿಕಾಪ್ಟರುಗಳಿಗೆ ತುಂಬಿದರು. ವಾಯುಪಡೆಯವರು ಈ ಕಾರ್ಯಕ್ಕೆ ‘ಆಪರೇಷನ್ ರಾಹತ್’ ಎಂದು ಹೆಸರಿಟ್ಟಿದ್ದರು. ಆ ತಿಂಗಳ ಕೊನೆಯೊಳಗೆ 18,000ಕ್ಕೂ ಹೆಚ್ಚು ಜನರನ್ನು ಹೀಗೆ ಹೊತ್ತು ತಂದರು. ಖಾಸಗಿ ಹೆಲಿಕಾಪ್ಟರುಗಳ ಚಾಲಕರೂ ಅವರೊಡನೆ ದುಡಿದರು.

25ರ ಮಧ್ಯಾಹ್ನ ನಮ್ಮ ಹನ್ನೊಂದು ಜನ ಊರು ಮುಟ್ಟಿದರು. ಊರಿನಲ್ಲಿ ಜಾತ್ರೆಯ ಸಂಭ್ರಮ. ಅಂದು ಸಂಜೆ ಮಠದಲ್ಲಿ ಸನ್ಮಾನವನ್ನು ಇಟ್ಟುಕೊಂಡಿದ್ದೆವು. ಏರ್ಪಾಡಿನ ಮುಖಂಡ ನಾನೇ. ಪ್ರೌಢಶಾಲೆಯಲ್ಲಿ ಕನ್ನಡ ಮಾಸ್ತರನಾಗಿದ್ದ ನನಗೆ ಇಂಥ ಸಮಾರಂಭಗಳ ಹುರುಪು ಮೊದಲಿನಿಂದಲೂ ಸ್ವಲ್ಪ ಹೆಚ್ಚು. ಹಾವೇರಿಯಿಂದ ಹನ್ನೊಂದು ಏಲಕ್ಕಿ ಹಾರಗಳನ್ನು ತರಿಸಿದ್ದೆ. ಸುಮಾರು ಏಳು ಗಂಟೆಗೆ ಎಲ್ಲರೂ ಮಠಕ್ಕೆ ಹೊರಡುವ ಹೊತ್ತಿಗೆ ನನ್ನ ಮಗನು ದೂರದರ್ಶನದ ಮುಂದಿನಿಂದ ಎದ್ದು ಬಂದು ಸುದ್ದಿ ಹೇಳಿದನು. ಕೇದಾರದಿಂದ ಹಿಂದಿರುಗುತ್ತಿದ್ದ ವಾಯುಪಡೆಯ ಎಂಐ-17 ವಿ5 ಹೆಲಿಕಾಪ್ಟರೊಂದು ಗೌರೀಕುಂಡದ ಉತ್ತರಕ್ಕೆ ಬೆಟ್ಟಕ್ಕೆ ಬಿದ್ದಿತ್ತು. ಅದರಲ್ಲಿದ್ದವರು ಇಪ್ಪತ್ತು ಜನ: ವಾಯುಪಡೆಯ ಐವರು, ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ಒಂಬತ್ತು ಜನ, ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆಯ ಆರು ಜನ. ಒಬ್ಬರೂ ಉಳಿದಿರಲಿಲ್ಲ.

ಅವರು ಮೇಲೆ ಏನನ್ನು ಒಯ್ದಿದ್ದರೆಂಬುದು ಆಮೇಲೆ ತಿಳಿಯಿತು. ಸತ್ತವರ ಸಾಮೂಹಿಕ ಅಂತ್ಯಕ್ರಿಯೆಗಾಗಿ ಕಟ್ಟಿಗೆಯನ್ನು ಒಯ್ದಿದ್ದರು. ನಮ್ಮಲ್ಲಿ ಹೂಳುವ ಪದ್ಧತಿ; ಮಣ್ಣು ಕೊಡಲು ಊರೇ ಬರುತ್ತದೆ. ಆ ಹಿಮದ ನಾಡಿನಲ್ಲಿ ಎಲ್ಲಿಯವರೋ, ಯಾರ ಮಕ್ಕಳೋ ಎಂದು ತಿಳಿಯದ ಹೆಣಗಳಿಗೆ ಕಟ್ಟಿಗೆ ಮುಟ್ಟಿಸಿ ಹಿಂದಿರುಗುವಾಗ ಇವರೂ ಹೋದರು.

ಸುದ್ದಿ ಕೇಳಿದ ಅಕ್ಕ ಅಲ್ಲಿಯೇ ಪಡಸಾಲೆಯಲ್ಲಿ ಕುಳಿತುಬಿಟ್ಟಳು. ನಾನು, “ಮಠದಾಗ ಮಂದಿ ಕಾಯಾಕತ್ತಾರ, ಏಳವ್ವಾ” ಎಂದೆ. ಆಕೆ ಏಳಲಿಲ್ಲ. “ನನ್ನ ಎತ್ತಿಕೊಂಡ ಹುಡುಗ ಅದರಾಗ ಇದ್ದನೋ ಇಲ್ಲೋ, ಅದನ್ನ ಮೊದಲ ಹೇಳು” ಎಂದಳು. ನಾನೇನು ಹೇಳಲಿ? ಹತ್ತಾರು ಹೆಲಿಕಾಪ್ಟರುಗಳು ಹಾರುತ್ತಿದ್ದವು. ಇರಲಿಕ್ಕಿಲ್ಲವೆಂದೆ. “ಇಲ್ಲಂದ್ರ ಅವ ಬ್ಯಾರೆಯವರ ಮಗ ಆಗತಾನೇನು?” ಎಂದು ಕೇಳಿದಳು. ಭಾವನವರು ಯಾವಾಗಲೂ ಮಿತಭಾಷಿ. ಅವರು ಮಠಕ್ಕೆ ಬಂದರು, ಆದರೆ ಹಾರವನ್ನು ಕೊರಳಿಗೆ ಹಾಕಿಸಿಕೊಳ್ಳಲಿಲ್ಲ. ನಮ್ಮ ಶ್ರೀಗಳು ಸಂಗತಿಯನ್ನು ಕೇಳಿ, ಹಾರಗಳನ್ನೆಲ್ಲ ಗದ್ದುಗೆಯ ಮುಂದೆ ಇರಿಸಿ ಎಂದರು. ಐದು ನಿಮಿಷ ಎಲ್ಲರೂ ಸುಮ್ಮನೆ ಕುಳಿತೆವು. ಸನ್ಮಾನ ಅಷ್ಟಕ್ಕೆ ಮುಗಿಯಿತು. ಪ್ರಸಾದದ ಹೊತ್ತಿಗೆ ಹಿರಿಯರೊಬ್ಬರು ನನ್ನ ಕಿವಿಯಲ್ಲಿ, “ಅವರು ಪಗಾರ ತಗೊಂಡು ದುಡಿಯೋರಲ್ಲೇನು, ಮಾಸ್ತರ?” ಎಂದರು. ನಮ್ಮ ದೇಶದಲ್ಲಿ ಯಾರನ್ನೂ ಬಲವಂತವಾಗಿ ಸೈನ್ಯಕ್ಕೆ ಸೇರಿಸುವುದಿಲ್ಲ, ಸೇರಿದವರೆಲ್ಲ ತಾವಾಗಿಯೇ ಮುಂದೆ ಬಂದವರು ಎಂದು ಉತ್ತರಿಸಿದೆ. ಉತ್ತರ ಸರಿಯಾದುದೇ. ಆದರೆ ಅದನ್ನು ಹೇಳುವ ಅಧಿಕಾರ ನನಗಿತ್ತೇ ಎಂಬುದು ಎರಡು ವರ್ಷಗಳ ಮೇಲೆ ಪರೀಕ್ಷೆಗೆ ಬಂತು.

ಮರುದಿನ ವಾಯುಪಡೆಯ ಮುಖ್ಯಸ್ಥರಾಗಿದ್ದ ಏರ್ ಚೀಫ್ ಮಾರ್ಷಲ್ ಎನ್.ಎ.ಕೆ. ಬ್ರೌನ್ ಅವರು ಗೌಚರಕ್ಕೆ ಬಂದು, ಹಾರಾಟ ನಿಲ್ಲುವುದಿಲ್ಲವೆಂದು ತಮ್ಮ ಹುಡುಗರಿಗೆ ಹೇಳಿದರು. ನಿಲ್ಲಲೂ ಇಲ್ಲ. ಸಂಗಡಿಗರು ಬಿದ್ದ ಅದೇ ಕಣಿವೆಯಲ್ಲಿ ಉಳಿದವರು ಹಾರಿದರು. ಆ ವರ್ಷದ ಆಗಸ್ಟ್ 15ರಂದು ಶಾಲೆಯ ಧ್ವಜವಂದನೆಯಲ್ಲಿ ನಾನು ಈ ವಿಷಯವನ್ನೇ ಕುರಿತು ಮಾತನಾಡಿದೆ. ಪ್ರತಿಯೊಂದು ಮನೆಯಿಂದಲೂ ಇಂಥ ಒಬ್ಬ ಮಗ ಹೊರಡಬೇಕು ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಸಹೋದ್ಯೋಗಿಗಳು ಭಾಷಣವನ್ನು ಮೆಚ್ಚಿದರು.

ನನ್ನ ಮಗನೂ ಅಂದು ಕೇಳಿದ್ದನು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದವನು ರಜೆಗೆ ಬಂದು ಹಿಂದೆ ನಿಂತಿದ್ದನು. 2015ರಲ್ಲಿ ಓದು ಮುಗಿಯುತ್ತ ಬಂದಾಗ ಒಂದು ರಾತ್ರಿ ಊಟವಾದ ಮೇಲೆ, “ಅಪ್ಪಾ, ವಾಯುಪಡೆಯ ಆಯ್ಕೆ ಪರೀಕ್ಷೆಗೆ ಕೂಡಬೇಕಂತ ಮಾಡೇನಿ. ಹೆಲಿಕಾಪ್ಟರ್ ಶಾಖೆಗೆ ಹೋಗಬೇಕು ಅಂತ ಆಸೆ. ನೀವು ಹ್ಞೂಂ ಅಂದ್ರ ಅಷ್ಟೇ” ಎಂದನು. ನಾನು ಒಪ್ಪಲಿಲ್ಲ. ಒಬ್ಬನೇ ಮಗ, ಅಜ್ಜಿಗೆ ಆರೋಗ್ಯವಿಲ್ಲ, ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ ಸಿಕ್ಕೇ ಸಿಗುತ್ತದೆ ಎಂದು ಒಂದೊಂದೇ ಕಾರಣ ಕೊಟ್ಟೆ. ಎಲ್ಲವೂ ನಿಜವಾದ ಕಾರಣಗಳೇ. ಅವನು ನನ್ನ ಭಾಷಣವನ್ನು ನೆನಪಿಸಲಿಲ್ಲ. ನೆನಪಿಸಿದ್ದರೆ ನಾನು ಸಿಟ್ಟಿಗೇಳಬಹುದಿತ್ತು, ಆಗ ಸ್ವಲ್ಪ ಹಗುರವಾಗುತ್ತಿತ್ತು. “ಆತ್ರಿ” ಎಂದು ಎದ್ದುಹೋದನು. ಅಕ್ಕನಿಗೆ ಈ ಸಂಗತಿ ತಿಳಿದಾಗ ಆಕೆ ನನ್ನನ್ನು ಬೈಯುವಳೆಂದುಕೊಂಡಿದ್ದೆ. ಬೈಯಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, “ನನ್ನ ಮಗ ಕೇಳಿದ್ರ ನಾನೂ ಬ್ಯಾಡ ಅಂತಿದ್ನೋ ಏನೋ. ಅವರ ಅವ್ವಂದಿರು ಹ್ಯಾಂಗ ಹ್ಞೂಂ ಅಂದ್ರಪ್ಪಾ” ಎಂದಳು. ಮಧುರೆಯ ಪ್ರವೀಣ್ ಅವರ ತಾಯಿಯನ್ನು ನೆನೆದು ಕಣ್ಣೊರೆಸಿಕೊಂಡಳು. ಆ ತಾಯಿಯನ್ನು ಆಕೆ ಕಂಡವಳಲ್ಲ, ಆಕೆಯ ಭಾಷೆಯೂ ಇವಳಿಗೆ ಬಾರದು.

ಮಗನು ಈಗ ಬೆಂಗಳೂರಿನ ಒಂದು ಕಂಪನಿಯಲ್ಲಿದ್ದಾನೆ. ಚೆನ್ನಾಗಿದ್ದಾನೆ. ಆದರೆ ಎಲ್ಲಿಯಾದರೂ ಇಂಥ ಸುದ್ದಿ ಬಂದರೆ ನಾನು ಮೊದಲು ಅವನ ಮುಖವನ್ನು ನೋಡುತ್ತೇನೆ. 2024ರ ಸೆಪ್ಟೆಂಬರ್ 2ರ ರಾತ್ರಿ, ಪೋರಬಂದರದ ಆಚೆಗಿನ ಸಮುದ್ರದಲ್ಲಿ ಹಡಗೊಂದರ ಗಾಯಾಳುವನ್ನು ಕರೆತರಲು ಹೋದ ಕರಾವಳಿ ರಕ್ಷಣಾ ಪಡೆಯ ಹೆಲಿಕಾಪ್ಟರು ನೀರಿಗೆ ಬಿತ್ತು. ಇಬ್ಬರು ಪೈಲಟ್‌ಗಳಾದ ವಿಪಿನ್ ಬಾಬು, ರಾಕೇಶ್ ಕುಮಾರ್ ರಾಣಾ ಮತ್ತು ಮುಳುಗುಗಾರ ಕರಣ್ ಸಿಂಗ್ ತೀರಿಕೊಂಡರು. ರಾಣಾ ಅವರ ದೇಹ ಸಿಗಲು ಒಂದು ತಿಂಗಳಿಗಿಂತ ಹೆಚ್ಚು ಹಿಡಿಯಿತು. ಹಬ್ಬಕ್ಕೆಂದು ಆ ವಾರ ಊರಿಗೆ ಬಂದಿದ್ದ ಮಗನು ಪತ್ರಿಕೆಯನ್ನು ಮಡಿಚಿ ಇಟ್ಟು ಹೊರಗೆ ಹೋದನು.

ನಾನು ಕೇದಾರಕ್ಕೆ ಹೋದುದು 2019ರ ಮೇ ತಿಂಗಳಲ್ಲಿ. ಮಗನು ತಾನೇ ರಜೆ ಹಾಕಿ ಕರೆದುಕೊಂಡು ಹೋದನು. ಅಂದು ಕೊರಳಿಗೆ ಬೀಳದೆ ಗದ್ದುಗೆಯ ಮುಂದೆ ಇಟ್ಟಿದ್ದ ಹಾರಗಳಲ್ಲಿ ಒಂದನ್ನು ಶ್ರೀಗಳು ಅಕ್ಕನಿಗೆ ಕೊಟ್ಟಿದ್ದರು. ಏಲಕ್ಕಿ ಹಾರ ಬಾಡುವುದಿಲ್ಲ. ಆರು ವರ್ಷಗಳಾದರೂ ಮೂಗಿನ ಬಳಿ ಹಿಡಿದರೆ ಸಣ್ಣಗೆ ಪರಿಮಳ ಬರುತ್ತಿತ್ತು. ಅದನ್ನು ಬಿಳಿಯ ವಸ್ತ್ರದಲ್ಲಿ ಸುತ್ತಿ ಕೊಟ್ಟು, “ಗುಡಿಗೆ ಬ್ಯಾಡ. ಆ ಗುಡ್ಡದಾಗ ಇಟ್ಟು ಬಾ” ಎಂದಳು.

ದಾರಿ ಈಗ ಬದಲಾಗಿದೆ. ರಾಮಬಾಡಾದಲ್ಲಿ ನದಿಯನ್ನು ದಾಟಿ ಆಚೆಯ ದಂಡೆಯಿಂದ ಲಿಂಚೋಲಿಯ ಮೇಲೆ ಹೋಗಬೇಕು. ಸುಮಾರು 16 ಕಿಲೋಮೀಟರು. ಇಳಿಯುವಾಗ ಗೌರೀಕುಂಡ ಇನ್ನೂ ದೂರವಿರುವಂತೆಯೇ ಒಂದು ತಿರುವಿನಲ್ಲಿ ನಿಂತೆವು. ಯಾವ ಬೆಟ್ಟ, ಯಾವ ಇಳಿಜಾರು ಎಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ. ಕುದುರೆಗಳು, ಡೋಲಿಗಳು, ಜೈಕಾರ ಹಾಕುತ್ತ ಏರುವ ಯಾತ್ರಿಕರು ನಮ್ಮನ್ನು ಒತ್ತರಿಸಿಕೊಂಡು ಹೋಗುತ್ತಿದ್ದರು. ಮಗನು ವಸ್ತ್ರವನ್ನು ಬಿಚ್ಚಿ, ದಾರಿಯ ಕೆಳಗಿನ ಒಂದು ಮರದ ಕೊಂಬೆಗೆ ಹಾರವನ್ನು ತೂಗುಹಾಕಿದನು. ನಾನು ಐದು ಹೆಸರುಗಳನ್ನು ಹೇಳಿದೆ, ಅಕ್ಕ ಹೇಳುವಂತೆಯೇ.

ಆಗ ಕಣಿವೆಯ ಕೆಳಗಿನಿಂದ ಹೆಲಿಕಾಪ್ಟರಿನ ಸದ್ದು ಕೇಳಿಸಿತು. ನಾನು ಕತ್ತೆತ್ತಿ ಹುಡುಕತೊಡಗಿದೆ. ಮಗನು ತಲೆಯೆತ್ತಲಿಲ್ಲ. ಗಂಟನ್ನು ಬಿಗಿ ಮಾಡುತ್ತಲೇ, “ಅದು ಎಂಐ-17 ಅಲ್ಲರಿ ಅಪ್ಪಾ, ಸಣ್ಣದು. ಫಾಟಾದಿಂದ ಯಾತ್ರಿಕರನ್ನ ತರೋದು” ಎಂದನು.