ಐದು ಚೀಲದ ಲೆಕ್ಕ

ನಮ್ಮ ಮಂಡ್ಯ ಸೀಮೆಯಲ್ಲಿ ಯೂರಿಯಾಕ್ಕೆ ಹಳಬರು ಇಟ್ಟ ಹೆಸರು ‘ಸರ್ಕಾರಿ ಗೊಬ್ಬರ’. ಮನೆಯ ತಿಪ್ಪೆಯದು ಬರೀ ಗೊಬ್ಬರ. ಎಂಬತ್ತು ದಾಟಿರುವ ನಮ್ಮ ಅತ್ತೆ ಈಗಲೂ ಹಾಗೇ ಕರೆಯುತ್ತಾರೆ. ಅವರು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಕಬ್ಬಿನ ಗದ್ದೆಗೆ ಬೀಳುತ್ತಿದ್ದುದು ಗಾಡಿಗಟ್ಟಲೆ ತಿಪ್ಪೆ ಗೊಬ್ಬರ, ಜೊತೆಗೆ ಹೊಂಗೆ ಸೊಪ್ಪು. ಆಮೇಲೆ ಬಿಳಿ ಹರಳು ಬಂತು. “ಎರಚಿದ ಎಂಟು ದಿನಕ್ಕೆ ಗರಿ ಕಪ್ಪಗೆ ತಿರುಗೋದು ಕಣವ್ವ. ಗಾಡಿ ಹೊಡೆಯೋ ಕಷ್ಟ ತಪ್ತು. ಯಾರು ಬ್ಯಾಡ ಅಂದಾರು?” ಎನ್ನುತ್ತಾರೆ. ಯೂರಿಯಾವನ್ನು ವಿಷವೆಂದು ಬೈಯುವ ಭಾಷಣ ಕೇಳಿದಾಗಲೆಲ್ಲ ನನಗೆ ಅತ್ತೆಯ ಈ ಮಾತು ನೆನಪಾಗುತ್ತದೆ. ಬೈಯುವವರು ಯಾರೂ ತಲೆಯ ಮೇಲೆ ಗೊಬ್ಬರದ ಮಂಕರಿ ಹೊತ್ತವರಲ್ಲ.

ಆದರೂ ನಾಲ್ಕು ವರ್ಷದ ಹಿಂದೆ ನಮ್ಮ ಯಜಮಾನರು ಚೀಲ ಕಡಿಮೆ ಮಾಡೋಣ ಎಂದರು. ಕಾರಣ ಎರಡಿದ್ದವು. ನೇಗಿಲು ಹೂಡಿದರೆ ಮಣ್ಣು ಇಟ್ಟಿಗೆಯ ಹಾಗೆ ಏಳುತ್ತಿತ್ತು. ಇನ್ನೊಂದು ಬೆಲ್ಲ. ಆಲೆಮನೆಗೆ ಕೊಟ್ಟ ಕಬ್ಬಿನ ಪಾಕ ಎಷ್ಟು ಕಾಯಿಸಿದರೂ ಅಚ್ಚಿನಲ್ಲಿ ಗಟ್ಟಿಯಾಗದೆ ಮೆತ್ತಗೆ, ಕಪ್ಪಗೆ ಉಳಿಯುತ್ತಿತ್ತು. ಸಾರಜನಕ ಅತಿಯಾದರೆ, ಅದರಲ್ಲೂ ತಡವಾಗಿ ಹಾಕಿದರೆ, ಕಬ್ಬು ಬೆಳೆಯುತ್ತಲೇ ಇರುತ್ತದೆ, ಮಾಗುವುದಿಲ್ಲ. ಜಲ್ಲೆ ದಪ್ಪವಾಗಿ, ಗಾಳಿಗೆ ಮಲಗಿ, ರಸದಲ್ಲಿ ಸಕ್ಕರೆಯ ಅಂಶ ಇಳಿಯುತ್ತದೆ. ಕಾರ್ಖಾನೆಗೆ ಸಾಗಿಸುವವರಿಗೆ ಇದು ಗೊತ್ತಾಗುವುದೇ ಇಲ್ಲ. ಅಲ್ಲಿ ದುಡ್ಡು ತೂಕಕ್ಕೆ, ನನ್ನ ಕಬ್ಬು ಹೆಚ್ಚು ಸಿಹಿ ಎಂದು ನನಗೆ ಬೇರೆ ಕಾಸು ಕೊಡುವವರಿಲ್ಲ. ಕೊಪ್ಪರಿಗೆಯ ಮುಂದೆ ಮಾತ್ರ ಯಾವುದನ್ನೂ ಮುಚ್ಚಿಡಲಾಗದು.

ಆಗ ಮಗಳು ಹೈಸ್ಕೂಲಿನಲ್ಲಿದ್ದಳು. ಲೆಕ್ಕ ಮಾಡಿದವಳು ಅವಳೇ. ಶಾಲೆಗೆ ಹೋಗುವ ಮಕ್ಕಳು ನೀವೂ ಪೆನ್ಸಿಲ್ ಹಿಡಿದು ನೋಡಿ. ನಮ್ಮ ಕಡೆ ಕಬ್ಬಿಗೆ ಶಿಫಾರಸು ಹೆಕ್ಟೇರಿಗೆ 250 ಕಿಲೋ ಸಾರಜನಕ, ಅಂದರೆ ಎಕರೆಗೆ ಸುಮಾರು 100 ಕಿಲೋ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಪಾಲು. ಚೀಲದ ತೂಕ 45 ಕಿಲೋ. ಹಾಗಾದರೆ ಒಂದು ಚೀಲದಲ್ಲಿ 20 ಕಿಲೋಗಿಂತ ಸ್ವಲ್ಪ ಹೆಚ್ಚು, ಎಕರೆಗೆ ಹತ್ತಿರ ಹತ್ತಿರ ಐದು ಚೀಲ. ಈಗ ಕಾಂಪೋಸ್ಟ್ ನೋಡಿ. ಒಳ್ಳೆಯದರಲ್ಲಿ ಸಾರಜನಕ ನೂರಕ್ಕೆ ಅರ್ಧದಿಂದ ಒಂದು ಪಾಲು. ಒಂದು ಟನ್ನಿಗೆ 5ರಿಂದ 10 ಕಿಲೋ. ಐದು ಚೀಲದ ಬದಲಿಗೆ 10ರಿಂದ 20 ಟನ್ ಬೇಕು. ಅದೂ ಮೊದಲ ವರ್ಷವೇ ಪೂರ್ತಿ ಸಿಗುವುದಿಲ್ಲ, ಒಂದು ಪಾಲು ಈ ವರ್ಷ, ಉಳಿದದ್ದು ಮುಂದಿನ ವರ್ಷಗಳಲ್ಲಿ. ನಮ್ಮ ಕೊಟ್ಟಿಗೆಯಲ್ಲಿದ್ದುದು ಎರಡು ಹಸು. ಕಸಕಡ್ಡಿ ಎಲ್ಲ ಸೇರಿಸಿದರೂ ವರ್ಷಕ್ಕೆ ಐದು ಟನ್ ದಾಟದು.

ಮಗಳು ಪೆನ್ಸಿಲ್ ಕೆಳಗಿಟ್ಟು, “ಅಪ್ಪಾ, ಇದು ಆಗಲ್ಲ” ಎಂದಳು.

ಒಂದೇ ಸಲಕ್ಕೆ ಆಗುವುದಿಲ್ಲ, ನಿಜ. ಇದ್ದ ಎರಡು ಎಕರೆಯಲ್ಲಿ ಒಂದನ್ನು ಹಳೆಯ ಪದ್ಧತಿಯಲ್ಲೇ ಬಿಟ್ಟು, ಇನ್ನೊಂದರಲ್ಲಿ ಐದು ಚೀಲವನ್ನು ಮೂರಕ್ಕೆ ಇಳಿಸಿದೆವು. ನಾಟಿಗೆ ಮುಂಚೆ ಸೆಣಬು ಬಿತ್ತಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ ಉತ್ತೆವು. ಸೆಣಬಿನ ಬೇರುಗಂಟಿನಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ. ಸಾಲುಗಳ ನಡುವೆ ಹಲಸಂದೆ. ಸಕ್ಕರೆ ಕಾರ್ಖಾನೆಯಲ್ಲಿ ರಸ ಸೋಸಿದ ಮೇಲೆ ಉಳಿಯುವ ಪ್ರೆಸ್‌ಮಡ್ ಎರಡು ಲೋಡು. ಎಲ್ಲಕ್ಕಿಂತ ಮುಖ್ಯವಾಗಿ, ತರಗಿಗೆ ಬೆಂಕಿ ಇಡುವುದನ್ನು ನಿಲ್ಲಿಸಿದೆವು. ಎಕರೆಗೆ ಮೂರು ನಾಲ್ಕು ಟನ್ ಒಣ ತರಗು ಬೀಳುತ್ತದೆ. ಅದನ್ನು ಸುಟ್ಟರೆ ಮುಕ್ಕಾಲು ಚೀಲ ಯೂರಿಯಾದಷ್ಟು ಸಾರಜನಕ ಹೊಗೆಯಲ್ಲಿ ಹೋಗುತ್ತದೆ. ಇಷ್ಟು ವರ್ಷ ಊರೆಲ್ಲ ಕಡ್ಡಿ ಗೀರಿ ಕಳೆದದ್ದನ್ನೇ ಸೊಸೈಟಿಯಲ್ಲಿ ಸಾಲು ನಿಂತು ಕೊಂಡು ತರುತ್ತಿತ್ತು!

ಉಳಿದ ತರಗು ಗುಂಡಿಗೆ. ಒಂದು ಪದರ ತರಗು, ಮೇಲೆ ಸಗಣಿ ಬಗ್ಗಡ, ಮೇಲೆ ಕೆರೆ ಗೋಡು, ಮತ್ತೆ ತರಗು. ಕೊನೆಗೆ ಮಣ್ಣು ಮೆತ್ತುವುದು. ಗುಂಡಿ ತುಂಬಿ, ಮಣ್ಣು ಮೆತ್ತಿ, ಮಗುಚದೆ ಬಿಡುವ ಈ ಕ್ರಮಕ್ಕೆ ‘ಬೆಂಗಳೂರು ವಿಧಾನ’ ಎಂದೇ ಹೆಸರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ. ಎನ್. ಆಚಾರ್ಯ ಊರ ಕಸವನ್ನು ಗೊಬ್ಬರ ಮಾಡಲು ಇದನ್ನು ರೂಪಿಸಿದರು. ಅದಕ್ಕೂ ಹಿಂದೆ ಆಲ್ಬರ್ಟ್ ಹೋವಾರ್ಡ್ ಇಂದೋರಿನಲ್ಲಿ ರೂಪಿಸಿದ್ದು ರಾಶಿಯನ್ನು ಆಗಾಗ ಮಗುಚಿ ಗಾಳಿಯಾಡಿಸುವ ವಿಧಾನ. ಅದು ಬೇಗ ಮಾಗುತ್ತದೆ, ಆದರೆ ಆಳು ಬೇಕು. ನಮಗೆ ಆಳಿಲ್ಲ, ಕಾಯುವುದು ಗೊತ್ತು. ಮೊದಲ ದಿನಗಳಲ್ಲಿ ಗುಂಡಿಯೊಳಕ್ಕೆ ಹಾರೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ಬೀದಿಯ ಮಕ್ಕಳಿಗೆಲ್ಲ ಅದೇ ಆಟ.

ಅಷ್ಟೆಲ್ಲ ಮಾಡಿಯೂ ಮೊದಲ ವರ್ಷ ಮೂರನೇ ತಿಂಗಳಿಗೆ ಗರಿ ಹಳದಿಯಾಯಿತು. ಪಕ್ಕದ ಗದ್ದೆಯವರು ಬದುವಿನ ಮೇಲೆ ನಿಂತು, “ಏನಣ್ಣ, ಕಬ್ಬಿಗೆ ಅರಿಶಿನ ಹಚ್ಚೀಯಾ?” ಎಂದರು. ತರಗಿನಂಥ ಒಣಕಸ ಕೊಳೆಯುವಾಗ ಅದನ್ನು ತಿನ್ನುವ ಸೂಕ್ಷ್ಮಜೀವಿಗಳಿಗೇ ಸಾರಜನಕ ಬೇಕು. ಮದುವೆ ಮನೆಯಲ್ಲಿ ಮೊದಲ ಪಂಕ್ತಿ ಅವುಗಳದು, ಕಬ್ಬಿಗೆ ಎರಡನೆಯದು. ಹಸಿದವರು ಬಾಗಿಲಲ್ಲಿ ಕಾಯಬೇಕು. ಉಳಿಸಿಕೊಂಡಿದ್ದ ಮೂರು ಚೀಲ ನಮ್ಮನ್ನು ಕಾದದ್ದು ಆಗಲೇ. ಕಟಾವಾದಾಗ ಆ ಎಕರೆ 38 ಟನ್, ಪಕ್ಕದ್ದು 43. ಐದು ಟನ್ನಿನ ದುಡ್ಡೆಂದರೆ ಮಗಳ ಹಾಸ್ಟೆಲಿನ ಒಂದು ಕಂತು. ನನ್ನ ಓಲೆ ಆ ವರ್ಷ ಬ್ಯಾಂಕಿನಲ್ಲಿ ಕುಳಿತಿತ್ತು. ಸಾವಯವದ ಹುರುಪಿನಲ್ಲಿ ಎರಡೂ ಎಕರೆಗೆ ಒಮ್ಮೆಲೇ ಚೀಲ ನಿಲ್ಲಿಸಿದ್ದರೆ ಅವಳು ಮನೆಯಲ್ಲೇ ಉಳಿಯಬೇಕಾಗುತ್ತಿತ್ತು.

ಮೊದಲ ಕೂಳೆಯಲ್ಲಿ ಅಂತರ ಎರಡು ಟನ್ನಿಗೆ ಇಳಿಯಿತು. ಎರಡನೇ ಕೂಳೆಯಲ್ಲಿ ಎರಡು ಎಕರೆಯೂ ಸಮ. ಅಷ್ಟು ಹೊತ್ತಿಗೆ ಆ ಮಣ್ಣನ್ನು ಹಿಡಿದರೆ ಮುಷ್ಟಿಯಲ್ಲಿ ಪುಡಿಯಾಗುತ್ತಿತ್ತು, ಗುದ್ದಲಿಗೆ ಎರೆಹುಳು ಸಿಗುತ್ತಿದ್ದವು, ನೀರು ಎರಡು ದಿನ ತಡವಾದರೂ ಗರಿ ಸುರುಳಿ ಸುತ್ತುತ್ತಿರಲಿಲ್ಲ. ಬೆಲ್ಲ ಹೊನ್ನಿನ ಬಣ್ಣಕ್ಕೆ ಬಂದು ಅಚ್ಚಿನಿಂದ ಟಣ್ಣನೆ ಬಿತ್ತು.

ಕಬ್ಬಿನೊಳಗೇ ಇನ್ನೊಂದು ಸೋಜಿಗವಿದೆ. 1988ರಲ್ಲಿ ಬ್ರೆಜಿಲ್‌ನ ವಿಜ್ಞಾನಿ ಯೊಹಾನಾ ಡೋಬರೈನರ್ ಮತ್ತು ಅವರ ಸಂಗಡಿಗರು ಕಬ್ಬಿನ ಜಲ್ಲೆ, ಬೇರುಗಳ ಒಳಗೆ ವಾಸಿಸುವ ಬ್ಯಾಕ್ಟೀರಿಯಾವೊಂದನ್ನು ವಿವರಿಸಿದರು. ಸಿಹಿ ರಸದಲ್ಲಿ ಕುಳಿತು ಗಾಳಿಯ ಸಾರಜನಕವನ್ನು ಹಿಡಿಯುವ ಜೀವಿ ಅದು. ಯೂರಿಯಾ ಧಾರಾಳವಾಗಿ ಸುರಿದರೆ ಅಂಥ ಜೀವಿಗಳ ಸಂಖ್ಯೆ ಕುಗ್ಗುತ್ತದೆ. ಬಿಟ್ಟಿ ಅನ್ನ ಸಿಗುವಾಗ ಗದ್ದೆಗೆ ಹೋಗುವವರು ಯಾರು, ಎಂದು ಅತ್ತೆ ನಕ್ಕರು. ಈಗ ನಮ್ಮಲ್ಲೂ ‘ಅಸಿಟೋಬ್ಯಾಕ್ಟರ್’ ಎಂಬ ಹೆಸರಿನಲ್ಲಿ ಅದು ಮಾರಾಟಕ್ಕಿದೆ. ಬಿತ್ತನೆ ತುಂಡುಗಳನ್ನು ಅದರಲ್ಲಿ ಅದ್ದಿ ನೆಡುತ್ತೇವೆ.

ಈಗ ಎರಡೂ ಎಕರೆಗೆ ಎರಡೆರಡು ಚೀಲ. ಮೈಸೂರಿನಿಂದ ರಜೆಗೆ ಬಂದ ಮಗಳು ಉಳಿದ ಎರಡನ್ನೂ ತೆಗೆಯಲು ಏನು ಬೇಕೆಂದು ಮತ್ತೆ ಲೆಕ್ಕಕ್ಕೆ ಕುಳಿತಳು. ಇನ್ನೆರಡು ಹಸು, ಇನ್ನೊಂದು ಗುಂಡಿ ಎಂದು ಬರೆದಳು. ಬೆಳಗಿನ ಐದಕ್ಕೆ ಎದ್ದು ನಾಲ್ಕು ಹಸುವಿನ ಸಗಣಿ ಬಾಚುವವರು ಯಾರು, ಅದನ್ನೂ ಬರಿ ಎಂದೆ. ಅವಳು ಅಪ್ಪನ ಮುಖ ನೋಡಿದಳು. ಅವರು ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿ, “ಬರ್ಕೊ, ನಾನೇ” ಎಂದರು. ಹಸು ನೋಡಲು ಈ ಮಂಗಳವಾರ ಸಂತೆಗೆ ಹೋಗುತ್ತಿದ್ದೇವೆ. ಸದ್ಯಕ್ಕೆ ಒಂದೇ.