ಬಿದ್ದ ಹಲ್ಲು

ಕನ್ನಡನಾಡಿನ ಮನೆಗಳಲ್ಲಿ ಬಿದ್ದ ಹಲ್ಲಿಗೆ ಸಲ್ಲತಕ್ಕ ಸ್ಥಳವು ಮನೆಯ ಮಾಡು. ಮಗುವಿನ ಹಾಲುಹಲ್ಲು ಅಲುಗಾಡಿ ಕಿತ್ತು ಬಂದ ದಿನ ಅಜ್ಜಿಯು ಅದನ್ನು ಸಗಣಿಯ ಉಂಡೆಯೊಳಗಿಟ್ಟು, ಮಗುವಿನ ಕೈಯಿಂದಲೇ ಹೆಂಚಿನ ಮೇಲಕ್ಕೆ ಎಸೆಯಿಸಿ, ಹೊಸ ಹಲ್ಲು ಬೇಗ ಬರಲೆಂದು ಹಾರೈಸುವಳು. ಹೆಂಚು ಹೋಗಿ ಗಾರೆ ಬಂದ ಮೇಲೂ ಈ ಪದ್ಧತಿಯು ಪೂರ್ತಿಯಾಗಿ ಅಳಿದಿಲ್ಲ. ಪ್ರಕೃತಿಯು ಅದರ ಹಿಂದೆ ಇನ್ನೊಂದನ್ನು ಸಿದ್ಧಪಡಿಸಿಟ್ಟಿರುವುದರಿಂದ ಎಸೆದುದಕ್ಕೆ ಯಾರೂ ವ್ಯಸನಪಡಬೇಕಾದುದಿಲ್ಲ. ತೊಡಕು ಹುಟ್ಟುವುದು ಎರಡನೆಯ ಹಲ್ಲಿನಲ್ಲಿ. ಏಳೆಂಟು ವರ್ಷಕ್ಕೆ ಮೂಡುವ ಮೇಲಿನ ಎರಡು ಬಾಚಿಹಲ್ಲುಗಳು ಮುಖಕ್ಕೆ ಕಾವಲು ನಿಂತಂತಿರುವುವು. ಏಟು ತಿನ್ನುವುದರಲ್ಲಿಯೂ ಅವೇ ಮೊದಲು. ಉಬ್ಬುಹಲ್ಲಾದರೆ ಅಪಾಯವು ಇನ್ನೂ ಹೆಚ್ಚು. ಇವು ಬುಡಸಮೇತ ಬಿದ್ದರೆ ಮೂರನೆಯದು ಬರುವುದಿಲ್ಲ. ಆದರೂ ಮನೆಯವರ ಕೈ ಅಭ್ಯಾಸಬಲದಿಂದ ಮಾಡಿನ ಕಡೆಗೋ ಕಸದ ಬುಟ್ಟಿಯ ಕಡೆಗೋ ಹೋಗುವುದುಂಟು.

ಹಾಗೆ ಬಿದ್ದ ಹಲ್ಲನ್ನು ಅದರ ಕುಳಿಯಲ್ಲಿಯೇ ಮತ್ತೆ ನೆಡಬಹುದೆಂಬುದು ಹೊಸ ಮಾತಲ್ಲ. 16ನೆಯ ಶತಮಾನದಲ್ಲಿಯೇ ಫ್ರಾನ್ಸಿನ ಶಸ್ತ್ರವೈದ್ಯನಾದ ಆಂಬ್ರಾಸ್ ಪಾರೆಯು, ಅಂತಹ ಹಲ್ಲನ್ನು ಕುಳಿಯಲ್ಲಿಟ್ಟು ನೆರೆಹಲ್ಲುಗಳಿಗೆ ಕಟ್ಟುವ ಕ್ರಮವನ್ನು ಬರೆದನು. 1728ರಲ್ಲಿ ಪ್ರಕಟವಾದ ಪಿಯೇರ್ ಫೋಷಾರನ ದಂತವೈದ್ಯ ಗ್ರಂಥದಲ್ಲಿಯೂ ಇದರ ಪ್ರಸ್ತಾಪವಿದೆ. ಅದೇ ಶತಮಾನದಲ್ಲಿ ಲಂಡನ್ನಿನ ಜಾನ್ ಹಂಟರನು ಮನುಷ್ಯನ ಹಲ್ಲೊಂದನ್ನು ಹುಂಜದ ಜುಟ್ಟಿನಲ್ಲಿ ನೆಟ್ಟು ಪರೀಕ್ಷಿಸಿದನು; ಹುಂಜದ ಅಭಿಪ್ರಾಯವನ್ನು ಯಾರೂ ಬರೆದಿಟ್ಟಂತಿಲ್ಲ. ಆದರೆ ನೆಟ್ಟ ಹಲ್ಲುಗಳಲ್ಲಿ ಕೆಲವು ನಿಂತು ಕೆಲವು ಕರಗಿಹೋಗುವುದೇಕೆಂಬುದು ಬಹುಕಾಲ ಸ್ಪಷ್ಟವಾಗಲಿಲ್ಲ. ಡೆನ್ಮಾರ್ಕಿನ ಆಂಡ್ರೆಯಾಸನ್ ಮತ್ತು ಯೋರ್ಟಿಂಗ್-ಹಾನ್ಸನ್ ಎಂಬವರು 1966ರಲ್ಲಿ 110 ಹಲ್ಲುಗಳ ವೃತ್ತಾಂತವನ್ನು ಪ್ರಕಟಿಸಿದರು. ಅರ್ಧ ಗಂಟೆಯೊಳಗೆ ನೆಟ್ಟವುಗಳಲ್ಲಿ 100ಕ್ಕೆ 90ರ ಬೇರು ಕರಗದೆ ಉಳಿದಿತ್ತು. ಎರಡು ಗಂಟೆ ಕಳೆದ ಮೇಲೆ ನೆಟ್ಟವುಗಳಲ್ಲಿ ಹೆಚ್ಚುಕಡಮೆ ಎಲ್ಲವೂ ಕರಗತೊಡಗಿದ್ದುವು.

ಕಾರಣವು ಬೇರಿನ ಮೈಮೇಲಿದೆ. ಹಲ್ಲು ಎಲುಬಿಗೆ ನೇರವಾಗಿ ಅಂಟಿಕೊಂಡಿಲ್ಲ. ನಡುವೆ ಮಿಲಿಮೀಟರಿನ ಐದರಲ್ಲೊಂದು ಪಾಲಿನಷ್ಟು ತೆಳುವಾದ ನಾರಿನ ಪೊರೆಯಿದೆ. ಹಲ್ಲು ಕಿತ್ತುಬಂದಾಗ ಈ ಪೊರೆಯು ಹರಿದು ಒಂದು ಭಾಗ ಕುಳಿಯಲ್ಲಿಯೂ ಒಂದು ಭಾಗ ಬೇರಿನ ಮೇಲೆಯೂ ಉಳಿಯುವುದು. ಕಣ್ಣಿಗೆ ಕೊಳೆಯಂತೆ ತೋರುವ ಆ ಚೂರುಗಳಲ್ಲಿ ಜೀವಕೋಶಗಳು ಇನ್ನೂ ಉಸಿರಾಡುತ್ತಿರುವುವು. ಅವು ಬದುಕಿದರೆ ಕುಳಿಯ ನಾರುಗಳೊಡನೆ ಮತ್ತೆ ಕೂಡಿಕೊಳ್ಳುವುವು. ಸತ್ತರೆ ದವಡೆಯ ಎಲುಬು ಬೇರನ್ನು ತನ್ನದೆಂದೇ ಭಾವಿಸಿ ವರ್ಷಾನುಗಟ್ಟಲೆ ಮೆಲ್ಲಮೆಲ್ಲನೆ ನುಂಗಿಹಾಕುವುದು. ಒಂದು ಗಂಟೆ ಗಾಳಿಯಲ್ಲಿ ಒಣಗಿದ ಬೇರಿನಲ್ಲಿ ಜೀವವುಳಿದಿರುವ ಆಸೆ ಬಹಳ ಕಡಮೆ.

ಇದನ್ನರಿಯದ ಮನೆಯಲ್ಲಿ ನಡೆಯುವುದನ್ನು ಊಹಿಸುವುದು ಕಷ್ಟವಲ್ಲ. ಹತ್ತು ವರ್ಷದ ಹುಡುಗನು ಸೈಕಲ್ಲಿನಿಂದ ಬಿದ್ದು ಬಾಯ ತುಂಬ ರಕ್ತದೊಡನೆ ಬಾಗಿಲಲ್ಲಿ ನಿಲ್ಲುವನು. ತಾಯಿ ಅಳುವಳು, ತಂದೆ "ಎಷ್ಟು ಸಲ ಹೇಳಿದೆ ನಿನಗೆ!" ಎಂದು ಗದರುವನು, ಸೋದರತ್ತೆ ಅರಿಸಿನದ ಡಬ್ಬಿಗೆ ಓಡುವಳು. ಬೀದಿಯಲ್ಲಿ ಹುಡುಕಿ ಹಲ್ಲನ್ನು ತಂದ ಚಿಕ್ಕಪ್ಪನೇ ಎಲ್ಲರಲ್ಲಿ ಜಾಣನು. ಆದರೆ ಅವನೂ ಅದನ್ನು ನಲ್ಲಿಯ ಕೆಳಗೆ ಹಿಡಿದು, ಹಳೆಯ ಬ್ರಷ್ಷಿನಿಂದ ತಿಕ್ಕಿ, ಕಾಗದದಲ್ಲಿ ಸುತ್ತಿ ಜೇಬಿಗೆ ಸೇರಿಸುವನು. ವೈದ್ಯರ ಮುಂದೆ ಪೊಟ್ಟಣವನ್ನು ಬಿಚ್ಚಿದಾಗ ಹಲ್ಲು ಮುತ್ತಿನಂತೆ ಹೊಳೆಯುತ್ತಿರುವುದು. ಬೇರು ಮಾತ್ರ ಸತ್ತಿರುವುದು. ಮಡಿಯಲ್ಲಿ ಇಷ್ಟು ಶ್ರದ್ಧೆಯುಳ್ಳ ಜನಕ್ಕೆ ತೊಳೆಯಬೇಡಿರೆಂದು ಹೇಳುವುದು ವೈದ್ಯರಿಗೂ ಸುಲಭವಲ್ಲ.

ಮಾಡತಕ್ಕದ್ದು ಬಹಳವಿಲ್ಲ. ಹುಡುಗನಿಗೆ ಎಚ್ಚರ ತಪ್ಪಿದ್ದರೆ, ವಾಂತಿಯಾಗುತ್ತಿದ್ದರೆ, ಅಥವಾ ಮೇಲಿನ ಕೆಳಗಿನ ಹಲ್ಲುಸಾಲುಗಳು ಮೊದಲಿನಂತೆ ಕೂಡದಿದ್ದರೆ ಹಲ್ಲಿನ ಮಾತು ಆಮೇಲೆ, ಮೊದಲು ಆಸ್ಪತ್ರೆ. ಹಾಗಿಲ್ಲವಾದರೆ ಹಲ್ಲನ್ನು ಬಿಳಿಯ ಭಾಗದಲ್ಲಿ ಹಿಡಿದೆತ್ತಬೇಕು, ಬೇರನ್ನು ಮುಟ್ಟಲಾಗದು. ಮಣ್ಣು ಹತ್ತಿದ್ದರೆ ಹಾಲಿನಲ್ಲಿ ಮೆಲ್ಲನೆ ಆಡಿಸಿ ತೆಗೆಯಬೇಕು. ಬಳಿಕ ಹಲ್ಲಿನ ಮುಂಬದಿ ಹಿಂಬದಿಗಳನ್ನು ಸರಿಯಾಗಿ ನೋಡಿಕೊಂಡು, ಕುಳಿಯೊಳಗೆ ನಿಧಾನವಾಗಿ ಕೂಡಿಸಿ, ಮಡಿಸಿದ ಕರವಸ್ತ್ರವನ್ನು ಕಚ್ಚಿಕೊಂಡಿರುವಂತೆ ಹುಡುಗನಿಗೆ ಹೇಳಿ, ದಂತವೈದ್ಯರಲ್ಲಿಗೆ ಹೊರಡಬೇಕು. ಕಾಲು ಗಂಟೆಯೊಳಗೆ ಇಷ್ಟಾದರೆ ಅದಕ್ಕಿಂತ ಮಿಗಿಲಾದುದಿಲ್ಲ.

ಎಲ್ಲರ ಕೈಗೂ ಈ ಧೈರ್ಯ ಬಾರದು. ಅಂಥವರಿಗೆ ಹಾಲೇ ಗತಿ. ನೀರಿನಲ್ಲಿಟ್ಟರೆ ಕೋಶಗಳು ನೀರು ಕುಡಿದು ಒಡೆಯುವುವು. ಹಾಲಿನ ಸಾಂದ್ರತೆಯು ಶರೀರದ ದ್ರವಗಳಿಗೆ ಸಮೀಪವಾದುದರಿಂದ ಅದರಲ್ಲಿ ಕೆಲವು ಗಂಟೆಗಳ ಕಾಲ ಉಳಿದುಕೊಳ್ಳುವುವು. ಸ್ವೀಡನ್ನಿನ ಬ್ಲೋಮ್‌ಲೋಫ್ ಮೊದಲಾದವರು 1980ರ ಸುಮಾರಿಗೆ ಇದನ್ನು ಪರೀಕ್ಷಿಸಿ ತೋರಿಸಿದರು. ಹಾಲು ತಣ್ಣಗಿರಬೇಕು. ಮೊಸರು ಮಜ್ಜಿಗೆಗಳು ಹುಳಿಯಾದುದರಿಂದ ಒಲ್ಲವು. ಎಳನೀರನ್ನೂ ಪರೀಕ್ಷಿಸಿದವರುಂಟು, ಒಂದೆಡೆ ಹಾಲಿಗಿಂತ ಮೇಲೆಂದು ಕಂಡರೆ ಇನ್ನೊಂದೆಡೆ ಹಾಗೆ ಕಾಣಲಿಲ್ಲ. ಹೇಗೂ ಕಾಯಿ ಕೆತ್ತುವ ಹೊತ್ತಿಗೆ ಹಾಲು ಕೈಗೆ ಸಿಕ್ಕಿರುವುದು. ವಿನೋದವೇನೆಂದರೆ, ಹಾಲಿಗೆ ಹಾಕಬಾರದ ಹಲ್ಲೆಂದರೆ ಹಾಲುಹಲ್ಲೇ! ಅದನ್ನು ಮತ್ತೆ ನೆಡಲು ಹೋದರೆ ಒಳಗೆ ಬೆಳೆಯುತ್ತಿರುವ ಹೊಸ ಹಲ್ಲಿನ ಮೊಳಕೆಗೆ ಪೆಟ್ಟಾದೀತು. ಅದಕ್ಕೆ ಅಜ್ಜಿಯ ಮಾಡೇ ಸರಿ.

ಮುರಿದ ಚೂರನ್ನೂ ಎಸೆಯದೆ ಒದ್ದೆಯಾಗಿಟ್ಟು ಒಯ್ದರೆ ವೈದ್ಯರು ಅದನ್ನೇ ಅಂಟಿಸಬಲ್ಲರು. ಚೂರು ಸಿಕ್ಕದಿದ್ದರೆ ತುಟಿಯೊಳಗೆ ಹೊಕ್ಕಿದೆಯೇ ಎಂದು ನೋಡಿಸಬೇಕು. ಇಡಿಯ ಹಲ್ಲೇ ಕಾಣದಿದ್ದರೆ ಅದು ಶ್ವಾಸನಾಳಕ್ಕೆ ಇಳಿದಿರಲೂಬಹುದು.

ನೆಟ್ಟ ಹಲ್ಲನ್ನು ವೈದ್ಯರು ಸುಮಾರು ಎರಡು ವಾರ ನೆರೆಹಲ್ಲುಗಳಿಗೆ ಸಣ್ಣ ತಂತಿಯಿಂದ ಬಂಧಿಸಿಡುವರು. ಬೇರು ಪೂರ್ಣವಾಗಿ ಬೆಳೆದಿದ್ದರೆ ಒಳಗಿನ ನರವನ್ನು ತೆಗೆದು ತುಂಬುವರು. ಧನುರ್ವಾಯುವಿನ ಚುಚ್ಚುಮದ್ದಿನ ವಿಚಾರವನ್ನೂ ಕೇಳುವರು. ತಡವಾಗಿ ತಂದ ಹಲ್ಲನ್ನೂ ಅನೇಕವೇಳೆ ಅವರು ನೆಡದೆ ಬಿಡುವುದಿಲ್ಲ. ಅದು ಕೊನೆಗೆ ಕರಗುವುದು ಅವರಿಗೆ ತಿಳಿದಿದೆ. ಬೆಳೆಯುವ ಮಗುವಿನ ಬಾಯಲ್ಲಿ ನೆರೆಹಲ್ಲುಗಳಿಗಿಂತ ಗಿಡ್ಡವಾಗಿ ಕಾಣುವುದೂ ತಿಳಿದಿದೆ. ಆದರೆ ಎಲುಬಿನಲ್ಲಿ ಊರುವ ಕೃತಕ ದಂತವನ್ನು ದವಡೆಯ ಬೆಳವಣಿಗೆ ನಿಲ್ಲುವವರೆಗೆ ಇಡುವಂತಿಲ್ಲ. ಅಲ್ಲಿಯವರೆಗೆ ಎಲುಬನ್ನೂ ಜಾಗವನ್ನೂ ಕಾಯ್ದುಕೊಂಡು ಆ ಸತ್ತ ಬೇರಿನ ಹಲ್ಲು ಕೆಲವು ವರ್ಷಗಳಾದರೂ ನಿಲ್ಲುವುದು. ಹತ್ತು ವರ್ಷದ ಹುಡುಗನು ಶಾಲೆಯಲ್ಲಿ ಬಾಯಿಗೆ ಕೈಯಡ್ಡ ಹಿಡಿಯದೆ ನಗುವುದು ಅಷ್ಟರ ಮಟ್ಟಿಗೆ ಸಾಧ್ಯವಾಗುವುದು.